ರಾಜೀನಾಮೆ ಬರೆಯುವ ಮುಂಚೆ

2018ರ ಪ್ರಕರಣ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮದ್ದೂರಿನ ಕಡೆಯ ಮಹಿಳೆ, ವಯಸ್ಸು 38, ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ನಿದ್ದೆ ಇಲ್ಲ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ, ಕೈ ಮೊದಲಿನಷ್ಟು ಚುರುಕಿಲ್ಲ, ಕೆಲಸ ಬಿಟ್ಟುಬಿಡುತ್ತೇನೆ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದರು.

ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅವರು ನಕ್ಕುಬಿಟ್ಟರು. “ಉಸಿರಾಡಲು ಸೂಪರ್‌ವೈಸರ್ ಬಿಡಬೇಕಲ್ಲ ಮೇಡಂ.” ನನಗೆ ನಾಚಿಕೆಯಾಯಿತು. ಮುಂದಿನ ಭೇಟಿಯಲ್ಲಿ ಅವರ ಕೆಲಸದ ದಿನವನ್ನು ಗಂಟೆಗಂಟೆಯಾಗಿ ಕೇಳಿದೆ.

ಕಾಲರ್ ಕೂಡಿಸುವ ಕೆಲಸ. ಗಂಟೆಗೆ 60 ಪೀಸ್ ಇದ್ದ ಟಾರ್ಗೆಟ್ ಹೊಸ ಆರ್ಡರ್ ಬಂದ ಮೇಲೆ 75 ಆಗಿತ್ತು. ತಪ್ಪಿದರೆ ಇಡೀ ಲೈನಿಗೆ ಕೇಳುವಂತೆ ಬೈಗುಳ. ಶೌಚಕ್ಕೆ ಎದ್ದರೆ ಪೀಸ್ ರಾಶಿ ಬೀಳುತ್ತದೆಂದು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ವರ್ಷಕ್ಕೆ ಮೂರು ಸಲ ಉರಿಮೂತ್ರ. ಕೈಯ ವೇಗ ಹಾಗೆಯೇ ಇತ್ತು, ಏರಿದ್ದು ಲೆಕ್ಕ. ಕಾಗದದ ಮೇಲೆ ಬರೆದು ತೋರಿಸಿದಾಗ ಬಹಳ ಹೊತ್ತು ಸುಮ್ಮನಿದ್ದರು. ಯಾವ ದೇಶ ಎಷ್ಟು ಬಟ್ಟೆ ರಫ್ತು ಮಾಡಬಹುದೆಂಬ ಮಿತಿ, ಅಂದರೆ ಜವಳಿ ಕೋಟಾ, 2005ರ ಜನವರಿಯಿಂದ ಇಲ್ಲ. ಅಗ್ಗಕ್ಕೆ, ಬೇಗ ಹೊಲಿದುಕೊಡುವ ಊರಿಗೆ ಆರ್ಡರ್. ಢಾಕಾದ ಜೊತೆಗಿನ ಆ ಪೈಪೋಟಿ ಇವರ ನೀರಿನ ಬಾಟಲಿಯವರೆಗೂ ಬಂದಿತ್ತು.

ರಾಜೀನಾಮೆಗೆ ಇನ್ನೊಂದು ಕಾರಣ ಆಮೇಲೆ ಹೊರಬಿತ್ತು: ಮಗಳ ಕಾಲೇಜು ಶುಲ್ಕಕ್ಕೆ ಪಿಎಫ್ ಹಣ ಬೇಕಿತ್ತು. ಪಿಎಫ್ ಹಿಂಪಡೆಯಲು ಅಡ್ಡಿಯಾದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದ ಸಾವಿರಾರು ಹೆಣ್ಣುಮಕ್ಕಳಲ್ಲಿ ಇವರೂ ಒಬ್ಬರು. ಆದರೆ ಕೆಲಸ ಬಿಡುವಾಗ ಸೇವೆಗಾಗಿ ಮಾಲೀಕರು ಕೊಡಬೇಕಾದ ಹಣದ, ಅಂದರೆ ಗ್ರಾಚ್ಯುಟಿಯ ಲೆಕ್ಕ ಯಾರೂ ಹೇಳಿರಲಿಲ್ಲ. ಸೇವೆ ನಾಲ್ಕೂವರೆ ವರ್ಷವಾಗಿತ್ತು. ಐದು ತುಂಬಿದರೆ ಹಕ್ಕು. ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 8 ಸಾವಿರ ಎಂದರೆ ಐದು ವರ್ಷಕ್ಕೆ ಸುಮಾರು 23 ಸಾವಿರ ರೂಪಾಯಿ ಗ್ರಾಚ್ಯುಟಿ.

ನಾನು ಹೇಳಿದ್ದು ಇಷ್ಟು. ಆರು ತಿಂಗಳು ತಡೆಯಿರಿ; ಸಿಟ್ಟಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ಇಎಸ್‌ಐ ವೈದ್ಯರಿಗೆ ತೋರಿಸಿ, ನೀರು ಕುಡಿಯಬೇಕೆಂದು ಚೀಟಿ ಬರೆಸಿಕೊಂಡು ಎಚ್‌ಆರ್ ಕೈಗೆ ಕೊಡಿ. ಬೈದ ದಿನ, ಬೈದ ಮಾತು ಪುಸ್ತಕದಲ್ಲಿ ಗುರುತು ಹಾಕಿ. ದೂರು ಹೇಳಲು ಒಬ್ಬರೇ ಹೋಗಬೇಡಿ. ಮಾತು ಲೈಂಗಿಕವಾಗಿದ್ದರೆ ಮೂರು ತಿಂಗಳೊಳಗೆ, ಲೈಂಗಿಕ ಕಿರುಕುಳದ ದೂರು ಕೇಳುವ ಕಾರ್ಖಾನೆಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಿ. ಶುಲ್ಕಕ್ಕೆ ಸದ್ಯ ಸ್ತ್ರೀಶಕ್ತಿ ಸಂಘದ ಸಾಲ ಸಾಕು.

ಐದು ವರ್ಷ ತುಂಬಿತು. ನೀರು ಕುಡಿಯಲು ಏಳುವಾಗ ಪಕ್ಕದ ಮೆಷಿನ್ನಿನವರೂ ಜೊತೆಗೆ ಏಳುತ್ತಿದ್ದರಂತೆ. ಬೈಗುಳ ಪೂರ್ತಿ ನಿಲ್ಲಲಿಲ್ಲ. ಅವರು ಕೆಲಸವನ್ನೂ ಬಿಡಲಿಲ್ಲ. ಬಿಟ್ಟರೆ ಈಗ ಎಷ್ಟು ಬರುತ್ತದೆ ಎಂದು ಆಗಾಗ ಫೋನ್ ಮಾಡಿ ಕೇಳುತ್ತಿದ್ದರು.