ಕಡಲ ತಡಿಯ ಊರಿನ ಕಾಲೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಉಡುಪಿಯವಳು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ನರ್ಸ್ ಆಗಿದ್ದು, ಎರಡು ವರ್ಷಗಳಿಂದ ಕುಟುಂಬದೊಂದಿಗೆ ಇಲ್ಲೇ ನೆಲೆಸಿದ್ದೇನೆ. ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಮುಗಿಸಿರುವ ಹದಿನಾರರ ಮಗ, ಪಿಯುಸಿಯಂಥ ಎ ಲೆವೆಲ್ ಬೇಡ, ಬ್ಲ್ಯಾಕ್‌ಪೂಲ್ ಆ್ಯಂಡ್ ದ ಫೈಲ್ಡ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತೇನೆ ಎನ್ನುತ್ತಿದ್ದಾನೆ. ‘ಅದು ನಮ್ಮ ಐಟಿಐ ಇದ್ದ ಹಾಗೆ, ಮುಂದೆ ಡಿಗ್ರಿಗೆ ದಾರಿಯಿಲ್ಲ’ ಎಂದು ಊರಿನಲ್ಲಿರುವ ಭಾವನವರು ಹೇಳುತ್ತಾರೆ. ಮಗನೋ, ಅಲ್ಲೇ ಡಿಗ್ರಿಯೂ ಇದೆ ಎನ್ನುತ್ತಾನೆ. ಯಾರನ್ನು ನಂಬಲಿ?

ಉತ್ತರ: ಈ ವಿಷಯದಲ್ಲಿ ನಿಮ್ಮ ಮಗನ ಮಾತು ಸರಿ. ಆದರೆ ಭಾವನವರ ಆತಂಕವನ್ನು ತಳ್ಳಿಹಾಕಬೇಡಿ, ಏಕೆಂದರೆ ಇಂಥ ಕಾಲೇಜಿನಲ್ಲಿ ಯಾವ ಕೋರ್ಸಿಗೆ ಸೇರುತ್ತಾನೆ ಎಂಬುದರ ಮೇಲೆ ಮುಂದಿನ ದಾರಿಯೆಲ್ಲ ನಿಂತಿರುತ್ತದೆ. ಕೈಕಸುಬಿನ ಕೋರ್ಸುಗಳಿಂದ ಹಿಡಿದು ಆನರ್ಸ್ ಪದವಿಯವರೆಗೆ ಎಲ್ಲವನ್ನೂ ಒಂದೇ ಸಂಸ್ಥೆ ಕಲಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಹೊಸದಲ್ಲ. ಈ ಕಾಲೇಜಿನ ಪದವಿಗಳಿಗೆ ಮಾನ್ಯತೆ ನೀಡುತ್ತ ಬಂದಿರುವುದು ಅದೇ ಜಿಲ್ಲೆಯ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯ.

ಕೋರ್ಸಿನ ಹೆಸರಿಗಿಂತ ಅದರ ಹಂತದ ಸಂಖ್ಯೆಯನ್ನು ಮೊದಲು ನೋಡಿ. ಎ ಲೆವೆಲ್ ಇರುವುದು ಮೂರನೆಯ ಹಂತದಲ್ಲಿ; 2020ರಲ್ಲಿ ಆರಂಭವಾದ, ವೃತ್ತಿಗೆ ಸಿದ್ಧಗೊಳಿಸುವ ಟಿ ಲೆವೆಲ್ ಕೂಡ ಅದೇ ಹಂತದ್ದು. ಎರಡು ವರ್ಷಗಳ ಒಂದು ಟಿ ಲೆವೆಲ್ ಮೂರು ಎ ಲೆವೆಲ್‌ಗಳಿಗೆ ಸಮ, ಮತ್ತು ಅದರಲ್ಲಿ ಕನಿಷ್ಠ 315 ಗಂಟೆ ನಿಜವಾದ ಕೆಲಸದ ಸ್ಥಳದಲ್ಲಿ ಕಲಿಯಬೇಕು. ನಾಲ್ಕನೆಯ ಹಂತದಲ್ಲಿ ಎಚ್‌ಎನ್‌ಸಿ (ಹೈಯರ್ ನ್ಯಾಷನಲ್ ಸರ್ಟಿಫಿಕೇಟ್), ಐದರಲ್ಲಿ ಎಚ್‌ಎನ್‌ಡಿ (ಹೈಯರ್ ನ್ಯಾಷನಲ್ ಡಿಪ್ಲೊಮಾ) ಮತ್ತು ಫೌಂಡೇಶನ್ ಡಿಗ್ರಿ, ಆರರಲ್ಲಿ ಆನರ್ಸ್ ಪದವಿ ಇವೆ. ಫೌಂಡೇಶನ್ ಡಿಗ್ರಿ ಪೂರ್ಣ ಪದವಿಯಲ್ಲ. ಅದನ್ನು ಮುಗಿಸಿದವರು ಸಾಮಾನ್ಯವಾಗಿ ಇನ್ನೊಂದು ವರ್ಷ ಓದಿ ಆನರ್ಸ್ ಪಡೆಯುತ್ತಾರೆ. ಕರ್ನಾಟಕದಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ಸೇರುವ ಕ್ರಮವನ್ನು ಭಾವನವರಿಗೆ ನೆನಪಿಸಿದರೆ, ಈ ದಾರಿಯ ಸ್ವರೂಪ ಅವರಿಗೆ ಬೇಗ ಅರ್ಥವಾದೀತು. ಮಗ ಈಗ ಸೇರುವ ಕೋರ್ಸು ಮೂರನೆಯ ಹಂತದ್ದೇ ಎಂದು ಖಚಿತಪಡಿಸಿಕೊಳ್ಳಿ. ಎಲ್ಲ ವಿಶ್ವವಿದ್ಯಾಲಯಗಳೂ ಎಲ್ಲ ಪದವಿಗಳಿಗೆ ಟಿ ಲೆವೆಲ್ ಒಪ್ಪುವುದಿಲ್ಲವಾದ್ದರಿಂದ, ಅವನ ಮನಸ್ಸಿನಲ್ಲಿರುವ ಎರಡು ಮೂರು ವಿಶ್ವವಿದ್ಯಾಲಯಗಳ ಪ್ರವೇಶ ನಿಯಮವನ್ನೂ ಈಗಲೇ ಓದಿಡಿ.

ಇಂಥ ಕಾಲೇಜುಗಳು ತಮ್ಮ ಊರಿನ ದುಡಿಮೆಯೊಡನೆ ಬೆಳೆದಿರುವುದನ್ನು ನಾನು ಅವುಗಳ ದೊಡ್ಡ ಗುಣವೆಂದೇ ಎಣಿಸುತ್ತೇನೆ. ಬ್ಲ್ಯಾಕ್‌ಪೂಲ್ ಎಂದರೆ 1894ರ ಗೋಪುರ, ದೀಪಾಲಂಕಾರ, ಬೇಸಿಗೆಯ ಪ್ರವಾಸಿಗರು ಎಂದಷ್ಟೇ ಹೊರಗಿನವರು ತಿಳಿದಿರುತ್ತಾರೆ. ಹಂಗಾಮಿ ಕೆಲಸವನ್ನೇ ನಂಬಿದ ಊರಿನ ಮಕ್ಕಳಿಗೆ ವರ್ಷವಿಡೀ ಸಂಬಳ ಕೊಡುವ ವೃತ್ತಿ ಎಷ್ಟು ಅಗತ್ಯವೆಂಬುದು ಅಲ್ಲಿ ವಾಸಿಸುವ ನಿಮಗೆ ಗೊತ್ತು. ಬ್ಲ್ಯಾಕ್‌ಪೂಲ್ ಇರುವ ಅದೇ ಫೈಲ್ಡ್ ಕರಾವಳಿಯ ವಾರ್ಟನ್‌ನಲ್ಲಿ ಟೈಫೂನ್ ಯುದ್ಧವಿಮಾನ ಜೋಡಿಸುವ ಬಿಎಇ ಸಿಸ್ಟಮ್ಸ್ ಕಾರ್ಖಾನೆಯಿದೆ. ಉತ್ತರಕ್ಕೆ ಐರಿಷ್ ಸಮುದ್ರದಲ್ಲಿ 2018ರಲ್ಲಿ ಉದ್ಘಾಟನೆಯಾದ 659 ಮೆಗಾವಾಟ್‌ನ ವಾಲ್ನಿ ವಿಸ್ತರಣಾ ಪವನ ಸ್ಥಾವರ ಆಗ ಜಗತ್ತಿನ ಸಮುದ್ರ ಸ್ಥಾವರಗಳಲ್ಲೇ ಅತಿ ದೊಡ್ಡದಾಗಿತ್ತು. ಯಂತ್ರ ಬಲ್ಲ ಕೈಗಳಿಗೆ ಅಲ್ಲಿ ಕೆಲಸವಿದೆ.

ನೀವು ಕೇಳದ, ಆದರೆ ಹೇಳಲೇಬೇಕಾದ ಒಂದು ವಿಷಯವಿದೆ. ತಂದೆತಾಯಿಯೊಡನೆ ಕಾನೂನುಬದ್ಧವಾಗಿ ನೆಲೆಸಿರುವ 16ರಿಂದ 18ರ ಮಕ್ಕಳಿಗೆ ಮೂರನೆಯ ಹಂತದ ಓದು ಸಾಮಾನ್ಯವಾಗಿ ಉಚಿತ. ಪದವಿಯ ವಿಚಾರ ಹಾಗಲ್ಲ: ಸ್ಥಳೀಯರ ಶುಲ್ಕ ಮತ್ತು ವಿದ್ಯಾರ್ಥಿ ಸಾಲ ದೊರೆಯಲು ಸಾಮಾನ್ಯವಾಗಿ ಶಾಶ್ವತ ವಾಸದ ಪರವಾನಗಿಯೂ ಮೂರು ವರ್ಷಗಳ ವಾಸವೂ ಬೇಕು. ನಿಮ್ಮ ವೀಸಾ ಇನ್ನೂ ಉದ್ಯೋಗಾಧಾರಿತವಾಗಿದ್ದರೆ ಮಗನನ್ನು ವಿದೇಶಿ ವಿದ್ಯಾರ್ಥಿಯೆಂದು ಪರಿಗಣಿಸಿ ಹೆಚ್ಚಿನ ಶುಲ್ಕ ಕೇಳಬಹುದು. ಎ ಲೆವೆಲ್ ಓದಿದರೂ ಈ ತೊಡಕು ತಪ್ಪುವುದಿಲ್ಲ. ಆದ್ದರಿಂದ ಕೋರ್ಸಿನ ಆಯ್ಕೆಗೂ ಇದಕ್ಕೂ ಗಂಟು ಹಾಕದೆ, ಕಾಲೇಜಿನಿಂದ ಲಿಖಿತ ಉತ್ತರ ಪಡೆಯಿರಿ. ಸಂಬಳ ನೀಡುತ್ತಲೇ ಪದವಿ ಕೊಡಿಸುವ ಅಪ್ರೆಂಟಿಸ್‌ಶಿಪ್‌ಗಳ ಅರ್ಹತೆಯನ್ನೂ ಆಗಲೇ ವಿಚಾರಿಸಿ.

ಪ್ರಶ್ನೆ: ಇದೇ ಕಾಲೇಜಿಗೆ ಸೇರಿದ ಫ್ಲೀಟ್‌ವುಡ್ ನಾವಿಕ ಕ್ಯಾಂಪಸ್‌ನಲ್ಲಿ ಓದಿ ಹಡಗಿನ ಅಧಿಕಾರಿಯಾಗುವ ಆಸೆ ನನಗಿದೆ. ಮಂಗಳೂರಿನಲ್ಲಿ ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಅಲ್ಲಿಗೆ ಹೋಗುವುದು ಒಳ್ಳೆಯದೇ?

ಉತ್ತರ: ಫ್ಲೀಟ್‌ವುಡ್ ಹಿಂದೆ ದೂರಸಾಗರದ ಮೀನುಗಾರಿಕೆಗೆ ಹೆಸರಾದ ಬಂದರು, 1970ರ ದಶಕದಲ್ಲಿ ಐಸ್‌ಲ್ಯಾಂಡ್‌ನೊಡನೆ ನಡೆದ ಮೀನುಗಾರಿಕಾ ವಿವಾದದ ನಂತರ ಆ ಕಸುಬು ಕುಸಿದರೂ ನಾವಿಕ ಶಿಕ್ಷಣ ಉಳಿದುಕೊಂಡಿತು. ಬ್ರಿಟನ್ನಿನ ಪದ್ಧತಿಯಲ್ಲಿ ಕ್ಯಾಡೆಟ್‌ಗಳು, ಅಂದರೆ ಅಧಿಕಾರಿಯಾಗಲು ತರಬೇತಿ ಪಡೆಯುವವರು, ಕೆಲವು ತಿಂಗಳು ತರಗತಿಯಲ್ಲಿ, ಕೆಲವು ತಿಂಗಳು ಹಡಗಿನಲ್ಲಿ ಕಲಿಯುತ್ತಾರೆ. ಇವರನ್ನು ಸಾಮಾನ್ಯವಾಗಿ ಹಡಗು ಕಂಪನಿಯೊಂದು ಪ್ರಾಯೋಜಿಸಿರುತ್ತದೆ. ಕಂಪನಿಯ ಪ್ರಾಯೋಜನೆ ಇಲ್ಲದೆ ಕೈಯಿಂದ ಹಣ ಹಾಕಿ ಹೋಗುವುದನ್ನು ನಾನು ಒಪ್ಪಲಾರೆ, ಏಕೆಂದರೆ ಹಡಗಿನ ಮೇಲಿನ ಅವಧಿ ಪೂರೈಸದೆ ಅಧಿಕಾರಿಯ ಪ್ರಮಾಣಪತ್ರ ಸಿಗುವುದಿಲ್ಲ. ಮೊದಲು ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಿರಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳು ಅಲ್ಲಿ ಮುಖ್ಯ. ಇಂಗ್ಲಿಷಿನಲ್ಲೂ ನಿಗದಿತ ಅಂಕ ಬೇಕು. ಕಂಪನಿಯ ಆಯ್ಕೆಪತ್ರ ಕೈಗೆ ಬಂದ ನಂತರವೇ ಯಾವುದೇ ಸಂಸ್ಥೆಗೆ ಶುಲ್ಕ ಕಟ್ಟಿ.