ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಬರುವ ಮಗಳನ್ನು ಲೆವೆಲ್ 1ಕ್ಕೆ ಹಾಕಿದ್ದು ಸರಿಯೇ?

ನೀವು ಬರೆದಿರುವುದು ಇಷ್ಟು: ಮಗಳಿಗೆ 11 ವರ್ಷ, ಮುಂಬೈನ ಮುಲುಂಡಿನಲ್ಲಿ ಚಿಯರ್‌ಲೀಡಿಂಗ್ ಕ್ಲಾಸಿಗೆ ಹೋಗುತ್ತಾಳೆ, ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಜಿಗಿದು, ಕೈಯೂರಿ, ಕಾಲ ಮೇಲೆ ಇಳಿಯುವ ಪಲ್ಟಿ) ಹೊಡೆಯುತ್ತಾಳೆ, ಆದರೂ ಲೆವೆಲ್ 1 ತಂಡಕ್ಕೆ ಹಾಕಿದ್ದಾರೆ; ಅದು ಬಾರದ ಗೆಳತಿಗೆ ಲೆವೆಲ್ 2 ಸಿಕ್ಕಿದೆ. ಪಕ್ಷಪಾತ ಇದ್ದರೂ ಇರಬಹುದು. ಆದರೆ ಇಷ್ಟರಿಂದಲೇ ಹಾಗೆನ್ನಲು ಬರುವುದಿಲ್ಲ. ಸ್ಪರ್ಧೆಯಲ್ಲಿ ಲೆವೆಲ್ ಅನ್ನುವುದು ಇಡೀ ತಂಡಕ್ಕೆ ಸೇರಿದ್ದು, ಕರಾಟೆ ಬೆಲ್ಟಿನ ಹಾಗೆ ಒಬ್ಬೊಬ್ಬರ ಸೊಂಟಕ್ಕೆ ಕಟ್ಟುವುದಲ್ಲ.

ಅಮೆರಿಕದ ಚಿಯರ್‌ಲೀಡಿಂಗ್ ಸಂಸ್ಥೆ ಯುಎಸ್‌ಎಎಸ್‌ಎಫ್‌ನ ಪದ್ಧತಿಯಲ್ಲಿ ಕೌಶಲದ ಕಷ್ಟಕ್ಕೆ ತಕ್ಕಂತೆ 1ರಿಂದ 7ರವರೆಗೆ ಲೆವೆಲ್‌ಗಳಿವೆ. ನಿಮ್ಮ ಸ್ಪರ್ಧೆಗೆ ಯಾರ ನಿಯಮಪುಸ್ತಕ, ಯಾವ ಸೀಸನ್ನಿನದು ಎಂದು ಮೊದಲು ಕೇಳಿಕೊಳ್ಳಿ. ನಿಯಮಗಳನ್ನು ಆಗಾಗ ತಿದ್ದುತ್ತಾರೆ. ಆ ಪದ್ಧತಿಯಂತೆ ಲೆವೆಲ್ 1ರ ಟಂಬ್ಲಿಂಗ್ (ನೆಲದ ಮೇಲಿನ ಪಲ್ಟಿಗಳು) ಅಂದರೆ ರೋಲ್, ಕಾರ್ಟ್‌ವೀಲ್ (ಪಕ್ಕಕ್ಕೆ ಚಕ್ರದಂತೆ ಉರುಳುವುದು), ರೌಂಡ್‌ಆಫ್ (ಹಾಗೇ ಉರುಳಿ ಎರಡೂ ಕಾಲು ಒಟ್ಟಿಗೆ ಇಳಿಸುವುದು), ವಾಕ್‌ಓವರ್ (ಕೈಯೂರಿ ಒಂದೊಂದೇ ಕಾಲು ದಾಟಿಸುವುದು). ಹ್ಯಾಂಡ್‌ಸ್ಪ್ರಿಂಗ್ ಅಲ್ಲಿ ನಿಷಿದ್ಧ, ಹೊಡೆದರೆ ಅಂಕ ಬರುವುದಿರಲಿ, ಇದ್ದದ್ದೂ ಕಡಿತ. ಲೆವೆಲ್ 2ರಲ್ಲಿ ನಿಂತಲ್ಲಿಂದ ಒಂದು ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್, ಓಡಿ ಬಂದರೆ ರೌಂಡ್‌ಆಫ್‌ನ ಹಿಂದೆ ಸಾಲಾಗಿ ಹೊಡೆಯಬಹುದು. ಜಂಪ್ ಮಾಡಿ ತಕ್ಷಣ ಹ್ಯಾಂಡ್‌ಸ್ಪ್ರಿಂಗ್‌ಗೆ ಹೋಗುವುದು, ಓಡಿ ಬಂದು ಟಕ್ (ಕೈಯೂರದೆ, ಮಂಡಿ ಎದೆಗೆ ಮಡಚಿ ಗಾಳಿಯಲ್ಲೇ ಪಲ್ಟಿ) ಹೊಡೆಯುವುದು ಲೆವೆಲ್ 3. ನಿಂತಲ್ಲೇ ಟಕ್ ಲೆವೆಲ್ 4.

ಇದು ಅರ್ಧ ಕಥೆ. ಇನ್ನರ್ಧ ಸ್ಟಂಟ್, ಅಂದರೆ ಒಬ್ಬಳನ್ನು ಎತ್ತಿ ಹಿಡಿಯುವುದು; ಅದನ್ನು ಅಪ್ಪ ಅಮ್ಮಂದಿರು ನೋಡುವುದು ಕಡಿಮೆ. ಎತ್ತುವ ಇಬ್ಬರು ಬೇಸ್, ಹಿಂದೆ ಕಾಯುವ ಒಬ್ಬಳು ಬ್ಯಾಕ್‌ಸ್ಪಾಟ್, ಮೇಲೆ ನಿಲ್ಲುವವಳು ಫ್ಲೈಯರ್. ಫ್ಲೈಯರ್ ಎರಡೂ ಕಾಲಿನಲ್ಲಿ ಬೇಸ್‌ಗಳ ಭುಜದೆತ್ತರಕ್ಕೆ ನಿಲ್ಲುವುದು ಲೆವೆಲ್ 1. ಬೇಸ್‌ಗಳು ಕೈ ಪೂರ್ತಿ ಮೇಲಕ್ಕೆ ಚಾಚಿ, ಎರಡೂ ಕಾಲಲ್ಲಿ ನಿಂತ ಫ್ಲೈಯರನ್ನು ಹಿಡಿಯುವುದು, ಅಥವಾ ಭುಜದೆತ್ತರದಲ್ಲಿ ಅವಳು ಒಂಟಿಕಾಲಲ್ಲಿ ನಿಲ್ಲುವುದು ಲೆವೆಲ್ 2. ಒಂಟಿಕಾಲು, ಅದೂ ಕೈ ಪೂರ್ತಿ ಚಾಚಿದ ಎತ್ತರದಲ್ಲಿ, ಲೆವೆಲ್ 3. ನಿಮ್ಮ ಮಗಳ ಗೆಳತಿ ಮಣಿಕಟ್ಟು ಬಾಗಿಸದೆ, ಬೆನ್ನಿನ ಬದಲು ಕಾಲಿನ ಬಲದಿಂದ ಎತ್ತುವ ಗಟ್ಟಿ ಬೇಸ್ ಆಗಿದ್ದರೆ, ಹ್ಯಾಂಡ್‌ಸ್ಪ್ರಿಂಗ್ ಇಲ್ಲದೆಯೂ ಲೆವೆಲ್ 2 ತಂಡಕ್ಕೆ ಅವಳು ಬೇಕೇ ಬೇಕು. ಫ್ಲೈಯರ್ ಆಗುವುದೇ ಬಡ್ತಿ ಎಂಬ ಭಾವನೆ ನಮ್ಮಲ್ಲಿ ಜೋರಾಗಿದೆ, ಸುಮ್ಮನೆ ತಂದುಕೊಂಡ ತಲೆನೋವು ಅದು.

ತಂಡದ ಲೆಕ್ಕವನ್ನೂ ನೋಡಿ. 16 ಮಕ್ಕಳಲ್ಲಿ 5 ಜನಕ್ಕೆ ಮಾತ್ರ ಹ್ಯಾಂಡ್‌ಸ್ಪ್ರಿಂಗ್ ಬರುತ್ತದೆ ಅನ್ನಿ. ಅಂಕಪಟ್ಟಿ ಕೇಳುವುದು ಒಂದು ಕೌಶಲವನ್ನು ತಂಡದ ಎಷ್ಟು ಜನ ಮಾಡಿದರು ಎಂದು. ಲೆವೆಲ್ 2ಕ್ಕೆ ಹೋದರೆ 11 ಮಕ್ಕಳು ಟಂಬ್ಲಿಂಗ್‌ನಲ್ಲಿ ಲೆವೆಲ್‌ಗೆ ತಕ್ಕದ್ದೇನನ್ನೂ ತೋರಿಸಲಾರರು. ಅದೇ 16 ಮಕ್ಕಳು ಕಾಲು ನೇರ, ಪಾದ ಚೂಪು ಮಾಡಿ ಒಟ್ಟಿಗೆ ಬ್ಯಾಕ್ ವಾಕ್‌ಓವರ್ ಮಾಡಿದರೆ ಲೆವೆಲ್ 1ರಲ್ಲಿ ಚೆನ್ನಾಗಿ ಅಂಕ ಬರುತ್ತದೆ.

ಇನ್ನು ‘ಬರುತ್ತದೆ’ ಅಂದರೆ ಎಷ್ಟು ಬರಬೇಕು? ಜಗಳವೆಲ್ಲ ಹುಟ್ಟುವುದು ಇಲ್ಲೇ. ನನ್ನ ಮಟ್ಟಿಗೆ ನ್ಯಾಯವಾದ ಪರೀಕ್ಷೆ ಹೀಗಿರಬೇಕು: ಪ್ರತಿ ಕೌಶಲಕ್ಕೆ 4 ಅವಕಾಶ, ನಡುವೆ ಸ್ವಲ್ಪ ವಿರಾಮ, ಕನಿಷ್ಠ 3 ಸರಿಯಾಗಬೇಕು. ಕೋಚ್ ಬೆನ್ನಿಗೆ ಕೈ ಕೊಟ್ಟಿದ್ದು, ಇಳಿಜಾರು ಮ್ಯಾಟಿನ ಮೇಲೆ ಮಾಡಿದ್ದು ಲೆಕ್ಕಕ್ಕಿಲ್ಲ. ಇಬ್ಬರು ಕೋಚ್‌ಗಳು ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಅಂಕ ಹಾಕಬೇಕು. ಪಕ್ಕದಿಂದ, ಸೊಂಟದೆತ್ತರದಲ್ಲಿ ಮೊಬೈಲಿಟ್ಟು ವಿಡಿಯೊ ಮಾಡಬೇಕು. ಎದುರಿನಿಂದ ತೆಗೆದರೆ ತಪ್ಪು ಕಾಣುವುದೇ ಇಲ್ಲ. ಕೊನೆಗೆ ಒಂದೂವರೆ ನಿಮಿಷ ಜಂಪ್, ಓಟ ಮಾಡಿಸಿ ಸುಸ್ತಾದ ಮೇಲೆ ಅದೇ ಕೌಶಲ ಮತ್ತೊಮ್ಮೆ. ಸ್ಪರ್ಧೆಯ ರೂಟೀನ್ (ತಂಡದ ಪೂರ್ತಿ ಪ್ರದರ್ಶನ) 2 ನಿಮಿಷ 30 ಸೆಕೆಂಡಿನವರೆಗೂ ಇರುತ್ತದೆ, ಕೊನೆಯ ಅರ್ಧ ನಿಮಿಷದಲ್ಲಿ ಉಳಿಯುವುದೇ ನಿಜವಾದ ಕೌಶಲ.

ವಿಡಿಯೊದಲ್ಲಿ ನೋಡಬೇಕಾದ್ದು: ಕೂರುವಾಗ ಮಂಡಿ ಕಾಲ್ಬೆರಳು ದಾಟಿ ಮುಂದೆ ಬಂದರೆ ಜಿಗಿತ ಹಿಂದಕ್ಕೆ ಹೋಗದೆ ಮೇಲಕ್ಕೇ ಹೋಗುತ್ತದೆ, ಕೈ ಪಾದದ ಪಕ್ಕದಲ್ಲೇ ಬೀಳುತ್ತದೆ, ಮೊಣಕೈ ಮಡಚುತ್ತದೆ, ತಲೆ ಮ್ಯಾಟಿಗೆ ತಾಗುವ ಅಪಾಯವಿರುವುದು ಆಗಲೇ. ಕಾಲು ಬೇರೆ ಬೇರೆಯಾಗಿ ಬಂದರೆ ಅವಳಿನ್ನೂ ವಾಕ್‌ಓವರ್‌ನ ಅಭ್ಯಾಸದಲ್ಲೇ ಇದ್ದಾಳೆ. ಎದೆ ಎತ್ತಿ ಇಳಿದು ಕೂಡಲೇ ಮೇಲಕ್ಕೆ ಪುಟಿಯಬಲ್ಲಳಾದರೆ ಅದು ಬಂದಂತೆಯೇ.

ನೆಲವೂ ಮುಖ್ಯ. ಸ್ಪರ್ಧೆಯ ಪೂರ್ತಿ ಅಳತೆಯ ಸ್ಪ್ರಿಂಗ್ ನೆಲ 54 ಅಡಿ ಅಗಲ, 42 ಅಡಿ ಆಳ. ಮುಂಬೈನಲ್ಲಿ ಶಾಲೆಯ ಹಾಲಿನಲ್ಲಿ ಟೈಲ್ಸಿನ ಮೇಲೆ ಫೋಮ್ ಮ್ಯಾಟ್ ಹಾಸಿದರೆ ಅದೇ ಹೆಚ್ಚು. ಸ್ಪ್ರಿಂಗ್ ಮೇಲೆ ಬರುವುದು ಪುಟಿಯದ ಸತ್ತ ಮ್ಯಾಟಿನ ಮೇಲೆ ಬಾರದೆ ಹೋಗಬಹುದು. ಹಾಗಾಗಿ ಎಲ್ಲ ಮಕ್ಕಳಿಗೂ ಒಂದೇ ಮ್ಯಾಟ್, ಒಂದೇ ಹೊತ್ತು. ಜುಲೈ ಮಳೆಯ ತೇವಕ್ಕೆ ಕೈ ಜಾರುವ ದಿನ ಪರೀಕ್ಷೆ ಇಟ್ಟರೆ ಮುಂದೂಡಲು ಹೇಳಿ, ಸಂಕೋಚ ಬೇಡ.

ಗೋವಿಂದಾ ಪಥಕದಲ್ಲಿ (ದಹಿ ಹಂಡಿಯ ಮಾನವ ಪಿರಮಿಡ್ ತಂಡ) ಹತ್ತಿದ ಅನುಭವವಿದ್ದರೆ ಕೋಚಿಗೆ ಹೇಳಿ, ಆದರೆ ಅದನ್ನೇ ಫ್ಲೈಯರ್ ಅರ್ಹತೆ ಎಂದುಕೊಳ್ಳಬೇಡಿ. ಅಲ್ಲಿ ಹೆಗಲೇರುತ್ತಾ ಹೋಗುವುದು. ಇಲ್ಲಿ ಬೇಸ್‌ಗಳ ಅಂಗೈ ಮೇಲೆ ಮೈ ಬಿಗಿಹಿಡಿದು ನಿಲ್ಲುವುದು, ಕ್ರೇಡಲ್‌ಗೆ, ಅಂದರೆ ಕೆಳಗಿನವರ ತೋಳುಗಳಿಗೆ, ಬೀಳುವುದು. ಆರಂಭದ ಲೆವೆಲ್‌ಗಳ ಪಿರಮಿಡ್ ಎರಡು ಆಳಿನ ಎತ್ತರ ದಾಟುವಂತೆಯೂ ಇಲ್ಲ.

ಅನ್ಯಾಯದ ಇನ್ನೊಂದು ಮುಖವಿದೆ: ಟ್ರೋಫಿಗಾಗಿ ಬಲಿಷ್ಠ ತಂಡವನ್ನು ಬೇಕೆಂದೇ ಕೆಳಗಿನ ಲೆವೆಲ್‌ನಲ್ಲಿ ಇಳಿಸುವುದು. ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. 16ರಲ್ಲಿ 13 ಮಕ್ಕಳಿಗೆ ಹ್ಯಾಂಡ್‌ಸ್ಪ್ರಿಂಗ್ ಗಟ್ಟಿಯಾಗಿದ್ದು, ಸ್ಟಂಟ್‌ಗಳೂ ಲೆವೆಲ್ 2ರದ್ದೇ ನಿಲ್ಲುತ್ತಿದ್ದರೆ ಆ ತಂಡ ಲೆವೆಲ್ 1ರಲ್ಲಿರಲು ಕಾರಣವಿಲ್ಲ. ನಿಮ್ಮ ಮಗಳ ತಂಡ ಹಾಗಿದ್ದರೆ ದೂರುವುದು ನ್ಯಾಯವೇ.

ಈ ವಯಸ್ಸಿನಲ್ಲಿ ಇನ್ನೊಂದು ಎಚ್ಚರಿಕೆ. 11ರಿಂದ 13ರೊಳಗೆ ದಿಢೀರನೆ ಉದ್ದವಾದಾಗ, ನಿನ್ನೆವರೆಗೆ ಬರುತ್ತಿದ್ದುದು ಕೆಲ ತಿಂಗಳು ಬಾರದಂತಾಗಬಹುದು. ಹೆಬ್ಬೆರಳ ಕಡೆಯ ಮಣಿಕಟ್ಟು ನೋಯುತ್ತಿದ್ದರೆ, ಅದರಲ್ಲೂ ಕೈ ಮೇಲೆ ಭಾರ ಬಿದ್ದಾಗ, ಮೂಳೆ ಬೆಳೆಯುವ ಭಾಗಕ್ಕೆ ಪೆಟ್ಟಾಗಿರಬಹುದು. ಹ್ಯಾಂಡ್‌ಸ್ಪ್ರಿಂಗ್ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಲೆವೆಲ್ ಚರ್ಚೆ ಆಮೇಲೆ.

ಕೋಚ್ ಹತ್ತಿರ ಹೋಗಿ ‘ಅವಳನ್ನು ಯಾಕೆ ತಗೊಂಡ್ರಿ’ ಎಂದು ಶುರು ಮಾಡಬೇಡಿ, ಮಾತು ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಮಗಳ ಅಂಕದ ಹಾಳೆ ಕೇಳಿ. ಟಂಬ್ಲಿಂಗ್, ಸ್ಟಂಟ್, ಜಂಪ್ ಬೇರೆ ಬೇರೆಯಾಗಿ ಬರೆದಿರಬೇಕು. ಲೆವೆಲ್ 2ಕ್ಕೆ ಯಾವುದು ಕಡಿಮೆಯಾಯಿತು ಎಂದು ಕೇಳಿ. ಮರುಪರೀಕ್ಷೆ ಯಾವಾಗ ಎಂದು ದಿನಾಂಕ ಬರೆಸಿಕೊಳ್ಳಿ, ಅದೂ ರೂಟೀನ್ ಕೂರಿಸುವ ಮುಂಚೆ. ಒಮ್ಮೆ ಕೊರಿಯೋಗ್ರಫಿ ಆದ ಮೇಲೆ ಒಬ್ಬಳನ್ನು ಅತ್ತಿತ್ತ ಮಾಡಿದರೆ ನಾಲ್ವರ ಸ್ಟಂಟ್ ಗುಂಪೇ ಒಡೆಯುತ್ತದೆ, ಆಗ ಯಾವ ಕೋಚ್ ಕೂಡ ಒಪ್ಪುವುದಿಲ್ಲ.