ಓದುಗರ ಪ್ರಶ್ನೆ: ಪ್ರಾರ್ಥನೆಗೆ ರೇಟು ಉಂಟೇ?

ಪ್ರಶ್ನೆ: ಅಮ್ಮ ಆರು ತಿಂಗಳಿಂದ ಉಡುಪಿಯ ಬಾಡಿಗೆ ಹಾಲೊಂದರಲ್ಲಿ ನಡೆಯುವ ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. 11,000 ರೂಪಾಯಿ ‘ಬೀಜ ಕಾಣಿಕೆ’ ಹಾಕಿದರೆ ಸಾಲ ತೀರುತ್ತದೆ ಎಂದು ಪಾಸ್ಟರ್ ಹೇಳಿದ್ದಾರಂತೆ. ಈಗ ಶುಗರ್ ಮಾತ್ರೆಯನ್ನೂ ಬಿಡಿ ಅನ್ನುತ್ತಿದ್ದಾರೆ. ಇವರನ್ನು ನಂಬಬಹುದೇ?
ಓದುಗರು, ಕಾಪು

ಉತ್ತರ: ಮೊದಲು ಮಾತ್ರೆಯ ವಿಷಯ. ಈಗಾಗಲೇ ಬಿಟ್ಟಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ.

ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಬೈಬಲಿನ ಯಾಕೋಬನ ಪತ್ರದಲ್ಲೇ (5:14) ಇದೆ. ಆದರೆ ಅಲ್ಲಿ ಕರೆಸಬೇಕಾದ್ದು ಸಭೆಯ (ಅಂದರೆ ಚರ್ಚಿನ) ಹಿರಿಯರನ್ನು, ಒಬ್ಬರನ್ನಲ್ಲ. ಔಷಧ ಬಿಡಿ ಎಂಬ ಮಾತಿಲ್ಲ, ಎಣ್ಣೆಗೆ ರೇಟೂ ಇಲ್ಲ. ಯೇಸುವಿನ ಸಂದೇಶ ಸಾರಿದ ಪೌಲನ ಜತೆಗಿದ್ದ ಲೂಕನೇ ವೈದ್ಯ. ಗುಣವಾಗದಿದ್ದಾಗ ಏನನ್ನುತ್ತಾರೆ, ಗಮನಿಸಿ. ‘ನಿಮ್ಮ ನಂಬಿಕೆ ಸಾಲದು’ ಅಂದರೆ, ಗುಣವಾದರೆ ಹೆಸರು ಅವರಿಗೆ, ಆಗದಿದ್ದರೆ ತಪ್ಪು ಅಮ್ಮನದು. ಈ ಆಟದಲ್ಲಿ ಅವರು ಸೋಲುವುದೇ ಇಲ್ಲ.

ಇನ್ನು ಕಾಣಿಕೆ. ಅವರು ಕೊಟ್ಟ ಕ್ಯೂಆರ್ ಸ್ಕ್ಯಾನ್ ಮಾಡಿ. ಹಣ ಕಳಿಸುವ ಮೊದಲೇ ಖಾತೆಯ ಹೆಸರು ಮೊಬೈಲಿನಲ್ಲಿ ಬರುತ್ತದೆ. ಸಭೆಯದೋ, ಟ್ರಸ್ಟಿನದೋ, ಪಾಸ್ಟರ ಹೆಂಡತಿಯದೋ? ಕಳೆದ ವರ್ಷದ ಆಡಿಟ್ ವರದಿ ಕೇಳಿ. ಬಡವರಿಗಾಗಿ ಎತ್ತಿದ ಹಣವನ್ನು ಪೌಲ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಬೇರೆಯವರನ್ನೂ ಸೇರಿಸಿಕೊಂಡ (2 ಕೊರಿಂಥ 8:20). ಲೆಕ್ಕ ಕೇಳಿದ್ದಕ್ಕೆ ‘ಅಭಿಷಿಕ್ತರನ್ನು (ದೇವರು ಆರಿಸಿದವರನ್ನು) ಮುಟ್ಟಬೇಡಿ’ ಎಂದು ಗದರಿದರೆ ಅಮ್ಮನನ್ನು ಕರೆದುಕೊಂಡು ಎದ್ದು ಬನ್ನಿ. ಕೀರ್ತನೆ 105ರ ಆ ಮಾತು ಮೂಲಪಿತೃಗಳಾದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬೇಡಿ ಎಂದು ಅರಸರಿಗೆ ಹೇಳಿದ್ದು, ರಸೀದಿ ಕೇಳುವವರಿಗಲ್ಲ.

ಬಾಡಿಗೆ ಹಾಲ್ ಎಂಬ ಒಂದೇ ಕಾರಣಕ್ಕೆ ಅನುಮಾನ ಬೇಡ. ನೂರು ವರ್ಷದ ಚರ್ಚಿನಲ್ಲೂ ಲೆಕ್ಕ ತಪ್ಪಬಹುದು. ಪಾಸ್ಟರ್ ತಪ್ಪಿದರೆ ಅವರನ್ನು ಕೆಳಗಿಳಿಸುವ ಅಧಿಕಾರ ಯಾರಿಗಿದೆ ಎಂದು ಮಾತ್ರ ಕೇಳಿ. ‘ದೇವರಿಗೆ’ ಎಂಬ ಉತ್ತರ ಬಂದರೆ, ಅಲ್ಲಿ ಕೇಳುವವರಿಲ್ಲ ಎಂದೇ ಅರ್ಥ.

ಪ್ರಶ್ನೆ: ನಿಲುವಂಗಿ ಹಾಕಿಕೊಂಡ ಅಪರಿಚಿತರೊಬ್ಬರು ಕ್ಯಾಥೊಲಿಕ್ ಫಾದರ್ ಎಂದು ಹೇಳಿಕೊಂಡು, ಅನಾಥಾಶ್ರಮಕ್ಕೆಂದು ಮನೆಮನೆಗೆ ಬಂದು ಹಣ ಕೇಳುತ್ತಿದ್ದಾರೆ. ಫೋಟೊ ಇರುವ ಕಾರ್ಡು ತೋರಿಸಿದರು.
ಓದುಗರು, ಮೂಲ್ಕಿ

ಉತ್ತರ: ಕಾರ್ಡು ಯಾರೂ ಮಾಡಿಸಬಹುದು. ಕ್ಯಾಥೊಲಿಕ್ ಸಭಾ ಕಾನೂನಿನ 1265ನೇ ವಿಧಿಯಂತೆ ಹೀಗೆ ಚಂದಾ ಎತ್ತಲು ಸಾಮಾನ್ಯವಾಗಿ ಎರಡು ಲಿಖಿತ ಅನುಮತಿ ಬೇಕು: ಅವರ ಸ್ವಂತ ಮೇಲಧಿಕಾರಿಯದು ಒಂದು, ಇಲ್ಲಿನ ಬಿಷಪರದು ಇನ್ನೊಂದು. ಎರಡನೆಯದನ್ನು ತಪ್ಪದೆ ಕೇಳಿ. ಪತ್ರದಲ್ಲಿ ಅಚ್ಚಾದ ನಂಬರಿಗೆ ಫೋನ್ ಮಾಡಬೇಡಿ; ನಿಮ್ಮ ಚರ್ಚಿನ ಕಚೇರಿಯಲ್ಲಿ ಮಂಗಳೂರು ಕೊಡಿಯಾಲ್‌ಬೈಲಿನ ಬಿಷಪ್ ಹೌಸ್ ನಂಬರ್ ಪಡೆದು ವಿಚಾರಿಸಿ. ಉಡುಪಿ ಜಿಲ್ಲೆಯವರು ಉಡುಪಿಯಲ್ಲಿ ಕೇಳಬೇಕು, 2012ರಿಂದ ಅದು ಬೇರೆ ಧರ್ಮಪ್ರಾಂತ್ಯ (ಬೇರೆ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ).